ಇಡುಗಂಟು ತಗೊಂಡರೆ ಅಪೀಲಿಗೆ ಅವಕಾಶ ಇಲ್ಲ

ಪ್ರಶ್ನೆ: ನಮ್ಮ ಯಜಮಾನರು ಬೈಕಂಪಾಡಿಯ ಒಂದು ಫ್ಯಾಕ್ಟರಿಯಲ್ಲಿ ಪ್ರೆಸ್ ಆಪರೇಟರ್. ಹೋದ ವರ್ಷ ಬಲಗೈ ತೋರುಬೆರಳು ಮಷಿನ್ನಿಗೆ ಸಿಕ್ಕಿ ಜಜ್ಜಿಹೋಯಿತು. ಬೆರಳು ಉಳಿಯಿತು, ಆದರೆ ಮಡಚಲು ಬರುವುದಿಲ್ಲ. ಗಾಯ ಗುಣವಾಗುವವರೆಗೆ ಇಎಸ್‌ಐಯಿಂದ (ಕಾರ್ಮಿಕರ ರಾಜ್ಯ ವಿಮೆ) ಹಣ ಬಂತು, ಆಮೇಲೆ ನಿಂತಿತು. ಈಗ ಮೆಡಿಕಲ್ ಬೋರ್ಡ್ ಖಾಯಂ ಊನ ಬರೀ ಶೇ. 2 ಎಂದು ಬರೆದಿದೆ. ಆ ಹಣವನ್ನು ಒಟ್ಟಿಗೆ ತಗೊಂಡುಬಿಡಿ ಎಂದು ಗುರುತಿನವರು ಹೇಳುತ್ತಾರೆ. ಸೊಸೈಟಿ ಸಾಲ ಇದೆ, ನಮಗೂ ಹಾಗೇ ಅನಿಸುತ್ತದೆ. ಅಪೀಲು ಹಾಕಿದರೆ ಬರುವುದೂ ನಿಲ್ಲುತ್ತದಾ? ಕಂಪನಿಯವರು ಬೇರೆ ರಾಜೀನಾಮೆ ಕೊಡಿ ಅನ್ನುತ್ತಿದ್ದಾರೆ.
— ಓದುಗರು, ಕುಳಾಯಿ

ಉತ್ತರ: ಅಮ್ಮಾ, ಇಡುಗಂಟಿನ ಅರ್ಜಿಗೆ ಸದ್ಯ ಸಹಿ ಹಾಕಿಸಬೇಡಿ. ದಿನದ ಮೊತ್ತ ತೀರ ಸಣ್ಣದಾದರೆ ಒಟ್ಟಿಗೆ ಕೊಡುವ ವ್ಯವಸ್ಥೆ ಇಎಸ್‌ಐಯಲ್ಲಿದೆ, ನಿಜ. ಆದರೆ ಬೋರ್ಡಿನ ತೀರ್ಮಾನದ ಮೇಲೆ ಅರ್ಜಿ ಕೊಟ್ಟು ಆ ಗಂಟು ತಗೊಂಡವರಿಗೆ ಮತ್ತೆ ಅಪೀಲಿನ ಹಕ್ಕಿಲ್ಲ. ತಿಂಗಳ ಲೆಕ್ಕದಲ್ಲಿ ತಗೊಂಡರೆ ಆ ತೊಂದರೆ ಇಲ್ಲ. ಶೇ. 2ರ ಹಣ ತಗೊಳ್ಳುತ್ತಲೇ ಅಪೀಲು ಹಾಕಬಹುದು.

ಎಷ್ಟು ಹೋಗುತ್ತಿದೆ ಎಂದು ನೋಡಿ. ಅವರ ದಿನದ ಸರಾಸರಿ ಕೂಲಿ 500 ರೂಪಾಯಿ ಅಂತಿಟ್ಟುಕೊಳ್ಳಿ. ಶೇ. 100 ಊನಕ್ಕೆ ಕೊಡುವ ಪೂರ್ತಿ ದರ ಅದರ ಶೇ. 90, ಅಂದರೆ 450. ಅದರಲ್ಲಿ ಶೇ. 2 ಅಂದರೆ ದಿನಕ್ಕೆ 9 ರೂಪಾಯಿ, ತಿಂಗಳಿಗೆ 270. ತೋರುಬೆರಳು ಪೂರ್ತಿ ಹೋದರೆ ಶೇ. 14 ಎಂದು ಇಎಸ್‌ಐ ಕಾನೂನಿನ ಪಟ್ಟಿಯಲ್ಲೇ ಇದೆ. ಆ ಲೆಕ್ಕದಲ್ಲಿ ದಿನಕ್ಕೆ 63, ತಿಂಗಳಿಗೆ 1,890. ಇದು ಬದುಕಿರುವವರೆಗೂ ಬರುವ ಹಣ. ಕೆಲಸಕ್ಕೆ ಹೋಗಿ ಸಂಬಳ ತಗೊಂಡರೂ ಬರುತ್ತದೆ.

ಬೆರಳು ಇದೆಯಲ್ಲ, ಹೋಗಿಲ್ಲವಲ್ಲ ಅನ್ನಬಹುದು. ಅದೇ ಪಟ್ಟಿಯ ಕೆಳಗಿನ ಟಿಪ್ಪಣಿಯನ್ನು ಯಾರೂ ಓದುವುದಿಲ್ಲ. ಅಂಗ ಇದ್ದೂ ಅದರ ಉಪಯೋಗ ಪೂರ್ತಿಯಾಗಿ, ಖಾಯಂ ಆಗಿ ಹೋಗಿದ್ದರೆ ಅಂಗವೇ ಹೋದ ಹಾಗೆ ಎಂದು ಅಲ್ಲಿದೆ. ನಿಮ್ಮ ಅಪೀಲು ನಿಲ್ಲಬೇಕಾದದ್ದು ಇದರ ಮೇಲೆ. ಸ್ವಲ್ಪ ಮಡಚಲು ಬರುತ್ತದೆ ಅಂತಾದರೆ 14 ಪೂರ್ತಿ ಸಿಗಲಿಕ್ಕಿಲ್ಲ, ಆದರೂ 2 ಬಹಳ ಕಡಿಮೆ ಎಂದೇ ನನ್ನ ಅಭಿಪ್ರಾಯ.

ಇಷ್ಟು ವರ್ಷ ಕಾರ್ಮಿಕರ ಕೇಸು ನಡೆಸಿದ ನನಗೆ ಒಂದು ಸಂಗತಿ ಬಹಳ ನೋವು ಕೊಡುತ್ತದೆ. ನಮ್ಮ ಗಂಡಸರು ಬೋರ್ಡಿನ ಮುಂದೆ ಕೈ ಚಾಚಿ, "ತೊಂದರೆ ಇಲ್ಲ ಡಾಕ್ಟ್ರೇ, ಅಡ್ಜಸ್ಟ್ ಆಗ್ತದೆ" ಅಂದುಬಿಡುತ್ತಾರೆ. ಮರ್ಯಾದೆಗೆ ಹೇಳಿದ ಮಾತು ಅದು. ಮನೆಗೆ ಬಂದರೆ ಅಂಗಿಯ ಗುಬ್ಬಿ ಹಾಕಲು ಹೆಂಡತಿ ಬೇಕು, ಸ್ಪಾನರ್ ಹಿಡಿದರೆ ಜಾರುತ್ತದೆ, ತೆಂಗಿನಕಾಯಿ ಸುಲಿಯಲು ಎಡಗೈ. ನಿಮ್ಮವರಿಗೆ ಏನೇನು ಆಗುವುದಿಲ್ಲ ಎಂದು ನೀವೇ ಒಂದು ಹಾಳೆಯಲ್ಲಿ ಬರೆಯಿರಿ, ನೋಡುತ್ತಿರುವವರು ನೀವು ಅಲ್ವಾ. ಅಪಘಾತದ ವರದಿ, ಎಕ್ಸ್‌ರೇ, ಫಿಸಿಯೋಥೆರಪಿ ಚೀಟಿ ಜೊತೆಗಿರಲಿ. ಬೆರಳು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಮೂಳೆ ಡಾಕ್ಟರಲ್ಲಿ ಅಳೆದು ಬರೆಸಿಕೊಳ್ಳಿ. ಬರೀ "ಬಿಗಿತ ಇದೆ" ಎಂದು ಬರೆದರೆ ಸಾಲದು.

ಅಪೀಲು ಮೆಡಿಕಲ್ ಅಪೀಲು ಟ್ರಿಬ್ಯೂನಲ್ಲಿಗೆ ಹಾಕಬಹುದು, ನೇರವಾಗಿ ಇಎಸ್‌ಐ ಕೋರ್ಟಿಗೂ ಹಾಕಬಹುದು. ಟ್ರಿಬ್ಯೂನಲ್ಲಿನಲ್ಲಿ ಸೋತರೂ ಕೋರ್ಟಿಗೆ ಹೋಗುವ ದಾರಿ ಇರುತ್ತದೆ. ಬೋರ್ಡಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಇಎಸ್‌ಐಯವರೂ ಅಪೀಲು ಹಾಕಬಹುದು. ಆದರೆ ಶೇ. 2 ಇಟ್ಟುಕೊಂಡು ನೀವು ಹೆದರುವಂಥದ್ದು ಏನಿದೆ? ವಕೀಲರ ಫೀಸಿನ ಚಿಂತೆಯೂ ಬೇಡ. ಫ್ಯಾಕ್ಟರಿ ಕಾರ್ಮಿಕರಿಗೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಇದೆ, ಮಂಗಳೂರಿನ ಜಿಲ್ಲಾ ಪ್ರಾಧಿಕಾರದಲ್ಲಿ ಕೇಳಿ.

ಇನ್ನು ರಾಜೀನಾಮೆ. ಕೊಡದೇ ಇರುವುದೇ ಒಳ್ಳೆಯದು. ಕೊಡಲೇಬೇಕಾಗಿ ಬಂದರೂ "ಸ್ವಂತ ಕಾರಣದಿಂದ" ಎಂದು ಟೈಪ್ ಮಾಡಿಟ್ಟ ಕಾಗದಕ್ಕೆ ಸಹಿ ಬೇಡವೇ ಬೇಡ. ಕೆಲಸದಲ್ಲಿ ಆದ ಖಾಯಂ ಊನದಿಂದ ಕೆಲಸ ಬಿಟ್ಟವರಿಗೆ, ನಿವೃತ್ತಿಯ ವಯಸ್ಸಿನವರೆಗೆ ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಇಎಸ್‌ಐ ಚಿಕಿತ್ಸೆ ಸಿಗುತ್ತದೆ. ಕಾರಣ ತಪ್ಪು ಬರೆದರೆ ಅದು ಕೈತಪ್ಪುತ್ತದೆ.

ಬೋರ್ಡಿನ ಪತ್ರ ಕೈಗೆ ಬಂದ ತಾರೀಕು ನೀವು ತಿಳಿಸಿಲ್ಲ. ಅಲ್ಲಿಂದ ಮೂರು ತಿಂಗಳೊಳಗೆ ಅಪೀಲು ಹಾಕಬೇಕು. ದಾಟಿದ್ದರೆ ತಡವಾದದ್ದಕ್ಕೆ ಸರಿಯಾದ ಕಾರಣ ಬರೆದು, ದಾಖಲೆ ಇಟ್ಟು ಹಾಕಿ, ಒಪ್ಪುವ ಅಧಿಕಾರ ಅವರಿಗಿದೆ. ಕವರ್ ಬಿಸಾಡಬೇಡಿ, ಅಂಚೆಯ ಮುದ್ರೆಯಲ್ಲಿ ತಾರೀಕು ಇರುತ್ತದೆ.