ಜೋಗಕ್ಕೆ ಅಲ್ಟ್ರಾ ವೈಡ್ ಬೇಡ, ಅಡಿಕೆ ಚಪ್ಪರಕ್ಕೆ ಬೇಕು

ಮಳೆಗಾಲದ ಜೋಗ ಪೂರ್ತಿಯಾಗಿ ಒಂದೇ ಫ್ರೇಮಿಗೆ ಬರಬೇಕು, ಅದಕ್ಕೆ ತುಂಬ ಅಗಲ ನೋಡುವ ಅಲ್ಟ್ರಾ ವೈಡ್ ಲೆನ್ಸುಗಳಲ್ಲಿ ಕ್ಯಾನನ್ 10-18 ತಗೊಳ್ಳಲೋ ಟೋಕಿನಾ 11-16 ತಗೊಳ್ಳಲೋ ಅಂತ ಕೇಳಿದ್ದೀರಿ. ಈ ಅಂಕಿಗಳು ಎಂಎಂ ಲೆಕ್ಕದ ಫೋಕಲ್ ಲೆಂತ್: ಚಿಕ್ಕದಾದಷ್ಟೂ ಲೆನ್ಸ್ ಅಗಲ ನೋಡುತ್ತದೆ, ದೊಡ್ಡದಾದಷ್ಟೂ ದೂರದ್ದನ್ನು ಹತ್ತಿರ ತೋರಿಸುತ್ತದೆ. ನಾನೂ ಒಂದು ಕಾಲಕ್ಕೆ ಶಿವಮೊಗ್ಗದ ಅಂಗಡಿಯಲ್ಲಿ ನಿಂತು ಇದನ್ನೇ ಕೇಳಿದವನು. ಜೋಗ ಹಿಡಿಸಬೇಕು ಅನ್ನುವುದೊಂದೇ ಕಾರಣವಾದರೆ ಎರಡೂ ಬೇಡ.

ನಾನು 10-18 ತಗೊಂಡೆ. ದುಡ್ಡು ಸಾಲಲಿಲ್ಲ ಅಂತ ಕ್ಯಾಮೆರಾ ಜೊತೆ ಬಂದಿದ್ದ 18-55 ಮಾರಿಬಿಟ್ಟೆ. ಆ ವರ್ಷ ಮಳೆ ಜೋರಿತ್ತು. ಲಿಂಗನಮಕ್ಕಿಯಿಂದ ನೀರು ಬಿಟ್ಟಿದ್ದಾರೆ ಅಂತ ಗೊತ್ತಾದ ಕೂಡಲೇ ಸಾಗರದ ಬಸ್ ಹತ್ತಿದೆ. ಹೋಗಿ ನೋಡಿದರೆ ಬರೀ ಮಂಜು. ನೀರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕಾದು ಕಾದು ಸಾಕಾಗುವ ಹೊತ್ತಿಗೆ ಗಾಳಿ ಎದ್ದು ಮಂಜು ಸರಿಯಿತು. ರಾಜಾ, ರೋರರ್, ರಾಕೆಟ್, ರಾಣಿ ಯಾವುದು ಎಲ್ಲಿ ಅಂತ ಬೇರೆ ಮಾಡಲಾಗದಷ್ಟು ಕೆಂಪು ನೀರು. ಲೆನ್ಸನ್ನು 10ಕ್ಕೆ ತಿರುಗಿಸಿ ಒಂದೇ ಸಮನೆ ಕ್ಲಿಕ್ ಮಾಡಿದೆ. ಮತ್ತೆ ಮಂಜು ಮುಚ್ಚಿಕೊಂಡಿತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದೆ. ಮೇಲೆ ಬೂದು ಆಕಾಶ. ಕೆಳಗೆ ರೇಲಿಂಗು, ಒದ್ದೆ ಸಿಮೆಂಟು. ಎಡ ಮೂಲೆಯಲ್ಲಿ ನಾನೇ ಹಿಡಿದಿದ್ದ ಕೊಡೆಯ ಅಂಚು. ಇವೆಲ್ಲದರ ನಡುವೆ ಜೋಗ, ನೂಲು ಇಳಿಬಿಟ್ಟ ಹಾಗೆ.

ಈ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ಸರಿಯಾಗಿ ಅಲ್ಲೇ ನಿಂತಿದ್ದೀರಿ. ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದಿರುವ ನಮ್ಮಂಥ (ಎಪಿಎಸ್-ಸಿ) ಕ್ಯಾಮೆರಾದಲ್ಲಿ 18 ಎಂಎಂ ಅಡ್ಡಕ್ಕೆ ಸುಮಾರು 65 ಡಿಗ್ರಿ ನೋಡುತ್ತದೆ. 10 ಎಂಎಂ ಹೆಚ್ಚುಕಡಿಮೆ 100 ಡಿಗ್ರಿ. ಜಾಸ್ತಿ ಬಂತು ಅಂತ ಖುಷಿಯಾಗುತ್ತದೆ, ಆದರೆ ಸೆನ್ಸರ್ ಇರುವಷ್ಟೇ ಇರುತ್ತದಲ್ವಾ? ಹೊಸದಾಗಿ ಒಳಗೆ ಬಂದದ್ದಕ್ಕೆ ಜಾಗ ಬೇಕಾದರೆ ಮೊದಲೇ ಇದ್ದದ್ದು ಕುಗ್ಗಬೇಕು. ನಿಂತ ಜಾಗದಿಂದ ಕದಲದೆ 18ರ ಬದಲು 10 ಹಾಕಿದರೆ, 253 ಮೀಟರಿನ ಜಲಪಾತ ಫೋಟೋದಲ್ಲಿ ಅರ್ಧಕ್ಕಿಂತ ಚೂರು ಜಾಸ್ತಿ ಎತ್ತರಕ್ಕೆ ಇಳಿಯುತ್ತದೆ. ಆಚೆ ದಡದಲ್ಲಿ ನಿಂತ ನಮಗೆ ಜೋಗ ಅಷ್ಟು ದೊಡ್ಡದಾಗಿ ಕಾಣುವುದು ನಾವು ನೀರನ್ನೇ ದಿಟ್ಟಿಸುವುದರಿಂದ. ಪಕ್ಕದ ಬೋಳು ಆಕಾಶದ ಮೇಲೆ ಗಮನವೇ ಇರುವುದಿಲ್ಲ. ಲೆನ್ಸಿಗೆ ಎಲ್ಲವೂ ಒಂದೇ.

ಆಮೇಲೆ ಕ್ರಾಪ್ ಮಾಡಿದರಾಯಿತು ಅನ್ನಬೇಡಿ. ನಾನು ಮಾಡಿ ನೋಡಿದೆ. 10ರಲ್ಲಿ ತೆಗೆದದ್ದನ್ನು 55ರಷ್ಟು ಹತ್ತಿರ ಕಾಣುವಂತೆ ಕತ್ತರಿಸಿದರೆ 24 ಮೆಗಾಪಿಕ್ಸೆಲ್‌ನಲ್ಲಿ 1 ಮೆಗಾಪಿಕ್ಸೆಲ್ ಕೂಡ ಉಳಿಯುವುದಿಲ್ಲ. ಮಾರಿದ ಆ ಕಿಟ್ ಲೆನ್ಸ್ ಬ್ಯಾಗಿನಲ್ಲಿ ಇದ್ದಿದ್ದರೆ ರಾಜಾ ಧುಮುಕುವ ತುದಿಯೊಂದನ್ನಾದರೂ ತುಂಬಿಕೊಂಡು ಬರುತ್ತಿದ್ದೆ. ಅಂಥ ನೀರು, ಅಂಥ ಗಾಳಿ ಒಟ್ಟಿಗೆ ಮತ್ತೆ ನನಗೆ ಸಿಕ್ಕಿಲ್ಲ.

ಹಾಗಂತ ಲೆನ್ಸ್ ಕೆಟ್ಟದ್ದಲ್ಲ. ನನಗೆ ಈಗ ಬಲು ಪ್ರೀತಿಯದು. ಅದು ದೂರದ್ದನ್ನು ಹಿಡಿಸುವುದಕ್ಕಲ್ಲ, ಹತ್ತಿರ ಹೋಗುವುದಕ್ಕೆ ಇರುವುದು. ನನಗಿದು ಹೊಳೆದದ್ದು ಸಾಗರದ ಹತ್ತಿರ ದೊಡ್ಡಮ್ಮನ ಮನೆಯ ಅಡಿಕೆ ಸುಗ್ಗಿಯಲ್ಲಿ. ಚಪ್ಪರದ ಕೆಳಗೆ ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ನಾನು ಬಾಗಿಲಲ್ಲೇ ನಿಂತು ಇಡೀ ಚಪ್ಪರ ಬರಲಿ ಅಂತ ನೋಡುತ್ತಿದ್ದೆ. "ಎಂತಕ್ಕೆ ಅಲ್ಲಿ ನಿಂತೆ? ಬಾ, ಇಲ್ಲಿ ಕೂತ್ಕ" ಅಂದರು ದೊಡ್ಡಮ್ಮ. ಕೂತೆ. ಕ್ಯಾಮೆರಾ ಅವರ ಮೆಟ್ಟುಗತ್ತಿಯ ಪಕ್ಕಕ್ಕೇ ಬಂತು. ಅಲಗಿಗೆ ಒತ್ತಿದ ಕಾಯಿ, ಸಿಪ್ಪೆಯ ಕಲೆಯಿಂದ ಕಪ್ಪಾದ ಹೆಬ್ಬೆರಳು, ಉಗುರಿನ ಸಂದಿಯಲ್ಲಿ ಸಿಕ್ಕಿದ ನಾರು, ಎಲ್ಲವೂ ಎದುರಿಗೇ ದೊಡ್ಡದಾಗಿ ಬಂದವು. ಅದರ ಹಿಂದೆ ದೊಡ್ಡಮ್ಮನ ಮುಖ, ಅದರ ಹಿಂದೆ ಸುಲಿಯುವವರ ಸಾಲು, ಕೊನೆಯಲ್ಲಿ ಸಿಪ್ಪೆಯ ರಾಶಿ. ನೋಡಿದವರು ತಾವೂ ಆ ಸಾಲಿನಲ್ಲಿ ಕೂತಿದ್ದೇವೆ ಅನ್ನುತ್ತಾರೆ. 18-55ರಿಂದ ಈ ಫೋಟೋ ಆಗುವುದಿಲ್ಲ.

10-18 ಸೆನ್ಸರಿನಿಂದ 22 ಸೆಂಟಿಮೀಟರ್ ದೂರದ ವಸ್ತುವಿಗೂ ಫೋಕಸ್ ಆಗುತ್ತದೆ. 10 ಎಂಎಂ, ಎಫ್/8 (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಳತೆ) ಇಟ್ಟು ಮುಕ್ಕಾಲು ಮೀಟರ್ ಆಸುಪಾಸಿಗೆ ಫೋಕಸ್ ಮಾಡಿದರೆ ಮೊಳದ ದೂರದಿಂದ ಹಿಡಿದು ಗುಡ್ಡದವರೆಗೆ ಎಲ್ಲ ಸ್ಪಷ್ಟವಾಗಿಯೇ ಬರುತ್ತದೆ. ಮುಖಗಳನ್ನು ಮಾತ್ರ ಮೂಲೆಗೆ ಹಾಕಬೇಡಿ, ತಲೆ ಮೂಲೆಯ ಕಡೆಗೆ ಎಳೆದುಕೊಂಡು ಉದ್ದವಾಗುತ್ತದೆ. ಮದುವೆಮನೆಯ ಗ್ರೂಪ್ ಫೋಟೋಗೆ ಈ ಲೆನ್ಸ್ ಮುಟ್ಟಲೇಬೇಡಿ ಅನ್ನುವುದು ಇದಕ್ಕೇ.

ಇಕ್ಕೇರಿಗೆ ಹೋಗಿ ಅಭ್ಯಾಸ ಮಾಡಿ. ಅಘೋರೇಶ್ವರನ ಎದುರಿನ ಮಂಟಪದಲ್ಲಿ ದೊಡ್ಡ ನಂದಿ ಕೂತಿದೆ, ಸುತ್ತ ಹಿಂದೆ ಸರಿಯಲು ಜಾಗ ಕಮ್ಮಿ. ಕ್ಯಾಮೆರಾದ ಮುಖ ಮೇಲಕ್ಕೆ ಓರೆ ಮಾಡಿದರೆ ಎರಡೂ ಬದಿಯ ಗೋಡೆ ಒಳಕ್ಕೆ ವಾಲುತ್ತದೆ. ಸಮವಾಗಿ ಹಿಡಿದು, ಬೇಕಾದರೆ ಮೊಣಕಾಲೂರಿ ತೆಗೆಯಿರಿ, ನೆಟ್ಟಗೆ ನಿಲ್ಲುತ್ತದೆ. ಅಡಿಕೆ ತೋಟದಲ್ಲಿ ಇದರ ಉಲ್ಟಾ. ನೇರ ಮೇಲಕ್ಕೆ ತಿರುಗಿಸಿ. ಮರಗಳೆಲ್ಲ ನಡುವಿಗೆ ಬಂದು ಸೇರುವುದೇ ಅಲ್ಲಿ ಚೆಂದ.

ಇನ್ನು ಯಾವ ಲೆನ್ಸ್ ಅನ್ನುವುದು. ರಾತ್ರಿಯ ನಕ್ಷತ್ರ ತೆಗೆಯುವವರಿಗೆ ಟೋಕಿನಾದ ಎಫ್/2.8 ಉಪಯೋಗ, ಕಿಂಡಿ ದೊಡ್ಡದಾಗಿ ಬೆಳಕು ಜಾಸ್ತಿ ಬರುತ್ತದೆ. ನೀವು ಆ ಮಾತೇ ಎತ್ತಿಲ್ಲ. ಕ್ಯಾನನ್ ಹಗುರ, 240 ಗ್ರಾಂ, ಹತ್ತಿರಕ್ಕೂ ಹೋಗುತ್ತದೆ. ತಗೊಳ್ಳುವುದಾದರೆ ಅದೇ. ಆದರೆ ಈ ಮಳೆಗಾಲಕ್ಕೆ ಬೇಡ. ಈಗಿರುವ 18-55 ತಗೊಂಡೇ ಜೋಗಕ್ಕೆ ಹೋಗಿ, ಯಾರಾದರೂ ಸ್ನೇಹಿತರ ಹತ್ತಿರ 55-250 ಸಿಕ್ಕಿದರೆ ಇನ್ನೂ ಒಳ್ಳೆಯದು. ಬಂದ ಮೇಲೆ ಕಿಟ್ ಲೆನ್ಸನ್ನು 18ಕ್ಕೆ ಇಟ್ಟು ಟೇಪ್ ಸುತ್ತಿ. ಝೂಮ್ ಇಲ್ಲದೆ, ಒಂದೊಂದೇ ಹೆಜ್ಜೆ ಮುಂದೆ ಹೋಗಿ ತೆಗೆಯಿರಿ. 18ರಲ್ಲೇ ಜನರ ಹತ್ತಿರ ಹೋಗಲು ಸಂಕೋಚವಾದರೆ 10ರಲ್ಲಿ ಇನ್ನೂ ಕಷ್ಟ.

ಲೆನ್ಸ್ ಬಂದ ದಿನವೇ ಗಾಳಿಯಾಡದ ಒಂದು ಡಬ್ಬ ಮತ್ತು ಸಿಲಿಕಾ ಜೆಲ್ ತಂದಿಡಿ. ನಮ್ಮ ಮಲೆನಾಡಿನ ಥಂಡಿಗೆ ಬ್ಯಾಗಿನಲ್ಲೇ ಬಿಟ್ಟ ಲೆನ್ಸ್ ಒಳಗಡೆ ಬೂಷ್ಟು ಹಿಡಿಯುತ್ತದೆ. ಮಳೆಯಲ್ಲಿ ತೆಗೆಯುವಾಗ ಮುಂದಿನ ಗಾಜಿನ ಮೇಲಿನ ಹನಿಯನ್ನು ಪ್ರತಿ ಸಲ ಒರೆಸಿ. ಇಷ್ಟು ಅಗಲದ ಲೆನ್ಸಿನಲ್ಲಿ ಒಂದು ಹನಿ ಬಿದ್ದರೂ ಫೋಟೋದಲ್ಲಿ ಕಾಣುತ್ತದೆ. ಕೊಡೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ನಿಮ್ಮ ಹಿಂದೆ ನಿಲ್ಲಲು ಹೇಳಿ.