ತೊಗರಿ ಹೊಲಕ್ಕೆ ಎಷ್ಟು ಜನ ತಜ್ಞರು ಬೇಕು?

ಪ್ರಶ್ನೆ: ಸರ್, ಎಂ.ಎಸ್ಸಿ. ಕೃಷಿ ಮುಗಿಸಿ ತೊಗರಿ ಮೇಲಿನ ಒಂದು ಯೋಜನೆಗೆ ಸೇರಿದ್ದೇನೆ. ತಂಡದಲ್ಲಿ ತಳಿ ತಜ್ಞರು, ಕೀಟ ತಜ್ಞರು, ಮಣ್ಣಿನವರು, ಅರ್ಥಶಾಸ್ತ್ರದವರು ಇದ್ದಾರೆ, ಸಮಾಜಶಾಸ್ತ್ರದ ಒಬ್ಬ ಮೇಡಂ ಕೂಡ. ಮೀಟಿಂಗ್‌ನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲ್ಲ. ಕೊನೆಗೆ ಮೇಡಂಗೆ ‘ನೀವೊಂದು ಸರ್ವೆ ಮಾಡಿಕೊಡಿ’ ಅಂತ ಹೇಳಿ ಎಲ್ಲರೂ ಏಳುತ್ತಾರೆ. ನಿಜವಾಗಿ ಇಷ್ಟು ಜನ ಬೇಕಾ? (ಓದುಗರು, ಕಲಬುರಗಿ)

ಉತ್ತರ: ಬೇಕು ತಂಗಿ. ಆದರೆ ಮೊದಲ ದಿನದಿಂದಲೇ ಬೇಕು. ಏನನ್ನು ಹುಡುಕಬೇಕು ಅಂತ ಮೂವರು ಸೇರಿ ಮೊದಲೇ ತೀರ್ಮಾನಿಸಿ, ಆಮೇಲೆ ನಾಲ್ಕನೆಯವರನ್ನು ಕರೆದರೆ ಅವರು ಸರ್ವೆ ಮಾಡದೆ ಇನ್ನೇನು ಮಾಡಿಯಾರು? ಮದುವೆ ಮಾತುಕತೆ ಎಲ್ಲ ಮುಗಿಸಿ, ಊಟದ ಹೊತ್ತಿಗೆ ಸೋದರಮಾವನಿಗೆ ಹೇಳಿಕಳಿಸಿದ ಹಾಗಾಯಿತು.

ಪೆರು ದೇಶದ ಒಂದು ಕತೆ ಹೇಳುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಅಲ್ಲಿನ ಲಿಮಾದಲ್ಲಿ 1971ರಿಂದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಇದೆ. ಗುಡ್ಡಗಾಡಿನ ರೈತರ ಮನೆಯಲ್ಲಿ ಆಲೂಗಡ್ಡೆ ಸುಕ್ಕಾಗಿ ಕೆಡುತ್ತದೆ, ಅದೇ ದೊಡ್ಡ ನಷ್ಟ ಅಂತ ಕೇಂದ್ರದ ಶೇಖರಣೆ ತಜ್ಞರು ಅಂದುಕೊಂಡಿದ್ದರು. ತಂಡದಲ್ಲಿದ್ದ ಮಾನವಶಾಸ್ತ್ರಜ್ಞರು ಮನೆಗಳಿಗೆ ಹೋಗಿ ಕೂತು ಕೇಳಿದರೆ ರೈತರಿಗೆ ಅದು ನಷ್ಟವೇ ಅಲ್ಲ! ಸುಕ್ಕಾದದ್ದು ತಿನ್ನೋಕೆ ಸಿಹಿ, ತೀರಾ ಕೆಟ್ಟದ್ದು ಹಂದಿಗೆ. ಅವರ ತಲೆನೋವು ಬೀಜದ ಗಡ್ಡೆಯದು. ಹೊಸ ತಳಿಗಳಿಗೆ ಉದ್ದುದ್ದ ಮೊಳಕೆ ಬಂದು, ನೆಡುವ ಮೊದಲು ಅದನ್ನು ಕಿತ್ತು ಹಾಕುವುದೇ ಒಂದು ಕೆಲಸವಾಗಿತ್ತು. ತಂಡದೊಳಗೆ ವಾದ ಆಯಿತು, ಆಗಲೇಬೇಕು ಅಲ್ವಾ. ಕೊನೆಗೆ ಕೆಲಸ ಆ ಕಡೆ ತಿರುಗಿತು: ಬೀಜದ ಗಡ್ಡೆಯನ್ನು ಕತ್ತಲೆಯಲ್ಲಿಡದೆ, ನೇರ ಬಿಸಿಲು ಬೀಳದ ಬೆಳಕಿನಲ್ಲಿಟ್ಟರೆ ಮೊಳಕೆ ಗಿಡ್ಡವಾಗಿ ಗಟ್ಟಿಯಾಗುತ್ತದೆ. ರೈತರೂ ತಜ್ಞರು ತೋರಿಸಿದ ಮಾದರಿಯನ್ನು ಹಾಗೇ ಕಟ್ಟಲಿಲ್ಲ, ತಮ್ಮ ತಮ್ಮ ಪಡಸಾಲೆಗೆ ಹೊಂದಿಸಿಕೊಂಡರು.

ಅಷ್ಟು ದೂರ ಯಾಕೆ, ನಮ್ಮ ಕಲಬುರಗಿಯಲ್ಲೇ ನೋಡು. ಕಾಯಿಕೊರಕ ಹುಳ ಬಿದ್ದಾಗ ಗಿಡದ ಕೆಳಗೆ ತಾಡಪತ್ರಿ ಎಳೆಯುತ್ತಾ ಗಿಡ ಅಲುಗಾಡಿಸಿ ಹುಳ ಉದುರಿಸುವುದು ನಮ್ಮ ರೈತರ ಹಳೆಯ ಉಪಾಯ. ಉದುರಿದ ಹುಳ ಕೋಳಿಗೆ. ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ, ಹೌದು, ಕೆಲಸ ಮಾಡುತ್ತದೆ ಅಂದರು. ಆ ಹುಳದಿಂದಲೇ ಹುಳ ಕೊಲ್ಲುವ ಎನ್‌ಪಿವಿ (ಹುಳಕ್ಕೆ ರೋಗ ತರುವ ವೈರಸ್) ದ್ರಾವಣ ಮಾಡಬಹುದು ಅನ್ನುವುದನ್ನೂ ಸೇರಿಸಿದರು. ಇಲ್ಲಿ ಕೀಟ ತಜ್ಞರು ಒಬ್ಬರೇ ಸಾಲುವುದಿಲ್ಲ, ಯಾಕಂದರೆ ಎಕರೆಗೆ ಎಷ್ಟು ಆಳು, ಕೂಲಿ ಎಷ್ಟು, ಔಷಧಿಗಿಂತ ಅಗ್ಗವೋ ದುಬಾರಿಯೋ ಅಂತ ಲೆಕ್ಕ ಹಾಕುವವರು ಅರ್ಥಶಾಸ್ತ್ರದವರು, ಆ ತಾಡಪತ್ರಿ ಎಳೆಯುವುದು ಮನೆಯಲ್ಲಿ ಯಾರು ಅಂತ ಕೇಳುವವರು ನಿಮ್ಮ ಸಮಾಜಶಾಸ್ತ್ರದ ಮೇಡಂ. ನಮ್ಮ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಈ ಊರಿನದೇ ಅನ್ನುವ ಸರ್ಕಾರಿ ಗುರುತು) ಸಿಕ್ಕಿತು, ಸರಿ. ಆದರೆ ಹೊಸ ತಳಿಯ ಬೇಳೆ ಬೇಗ ಬೇಯುತ್ತದಾ, ಕಟ್ಟಿಗೆ ಒಲೆಗೆ ಆಗುತ್ತದಾ ಅಂತ ನಿಮ್ಮ ತಂಡದಲ್ಲಿ ಯಾರಾದರೂ ಕೇಳಿದ್ದಾರಾ?

ಮುಂದಿನ ಮೀಟಿಂಗ್ ಎ.ಸಿ. ರೂಮಿನಲ್ಲಿ ಬೇಡ, ಹೊಲದ ಬದುವಿನ ಮೇಲೆ ಇಡಿ. ಒಂದೇ ಗಿಡ ನೋಡುತ್ತಾ ಮಾತಾಡಿದರೆ ಭಾಷೆ ಅರ್ಧ ತಾನಾಗೇ ಸರಿಹೋಗುತ್ತದೆ. ಇನ್ನೊಂದು ಮಾತು, ಸ್ವಲ್ಪ ಮುಜುಗರದ್ದು: ಪ್ರಬಂಧದಲ್ಲಿ ಯಾರ ಹೆಸರು ಮೊದಲು ಅಂತ ಈಗಲೇ ಮಾತಾಡಿಕೊಳ್ಳಿ. ಎಷ್ಟೋ ತಂಡ ಒಡೆಯುವುದು ಅಲ್ಲೇ.

ಪ್ರಶ್ನೆ: ತೊಗರಿ ಒಣಗಿದರೆ ಒಬ್ಬರು ಬೀಜದ ತಪ್ಪು ಅಂತಾರೆ, ಒಬ್ಬರು ಮಣ್ಣು ಅಂತಾರೆ, ಅಂಗಡಿಯವರು ಔಷಧಿ ಡಬ್ಬಿ ಕೊಡ್ತಾರೆ. ಯಾರ ಮಾತು ಕೇಳಲಿ? (ರೈತರು, ಆಳಂದ ತಾಲೂಕು)

ಉತ್ತರ: ಅಣ್ಣಾ, ಮೊದಲು ಗಿಡದ ಮಾತು ಕೇಳಿ. ಬುಡದ ಕಾಂಡ ಸೀಳಿ ನೋಡಿ. ಒಳಗೆ ಕಂದು, ಕಪ್ಪು ಗೆರೆ ಇದ್ದರೆ ನೆಟೆ ರೋಗ. ಇದರ ಶಿಲೀಂಧ್ರ ಮಣ್ಣಿನಲ್ಲಿ, ಹಳೆಯ ಬೇರಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಒಣಗಿದ ಮೇಲೆ ಡಬ್ಬಿ ಸುರಿದರೆ ದುಡ್ಡು ದಂಡ. ಗಿಡ ಹಸಿರಾಗಿದ್ದು ಹೂ, ಕಾಯಿ ಇಲ್ಲದಿದ್ದರೆ ಅದು ಗೊಡ್ಡು ರೋಗ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಅದನ್ನು ಹರಡುತ್ತದೆ. ಅಂಥ ಗಿಡ ಕಂಡ ಕೂಡಲೇ ಕಿತ್ತುಹಾಕಿ. ಮಾರುತಿ ತಳಿ ನೆಟೆ ತಡೆಯಿತು, ಗೊಡ್ಡಿಗೆ ಸೋತಿತು. 1993ರಲ್ಲಿ ಬಂದ ಆಶಾ ಎರಡನ್ನೂ ತಡೆಯುತ್ತದೆ, ಆದರೆ ಹೆಚ್ಚು ದಿನದ ಬೆಳೆ, ಮಳೆ ಬೇಗ ನಿಂತರೆ ಕಷ್ಟ.

ತೊಗರಿ ಮೇಲೆ ತೊಗರಿ ಬಿತ್ತಬೇಡಿ, ನಡುವೆ ಜೋಳ ಹಾಕಿ, ಬೀಜಕ್ಕೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಹಚ್ಚಿ ಅಂತ ರೋಗ ತಜ್ಞರು ಹೇಳುವುದು ಸರಿಯೇ. ನೀವು ಜೋಳ ಯಾಕೆ ಹಾಕುತ್ತಿಲ್ಲ ಅಂತಲೂ ನನಗೆ ಗೊತ್ತು. ಕೊಯ್ಯೋಕೆ ಆಳಿಲ್ಲ, ಹಕ್ಕಿ ಕಾಯೋಕೆ ಹುಡುಗರಿಲ್ಲ, ಎತ್ತು ಮಾರಿದ ಮೇಲೆ ಕಣಿಕೆ ಯಾರಿಗೆ? ಗಂಜ್ ಮಾರುಕಟ್ಟೆಯಲ್ಲಿ ದುಡ್ಡು ಕೊಡುವುದು ತೊಗರಿ. ಇದಕ್ಕೆ ರೋಗ ತಜ್ಞರ ಹತ್ತಿರ ಉತ್ತರ ಇಲ್ಲ, ಅವರನ್ನು ಬೈದು ಪ್ರಯೋಜನವೂ ಇಲ್ಲ. ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದಾಗ ರೋಗದ ಗಿಡ ಬೇರು ಸಮೇತ ಒಯ್ಯಿರಿ, ಜೊತೆಗೆ ಹೋದ ವರ್ಷದ ಖರ್ಚಿನ ಚೀಟಿಯನ್ನೂ ಒಯ್ಯಿರಿ. ಸದ್ಯಕ್ಕೆ ನೆಟೆ ಜಾಸ್ತಿ ಇರುವ ತುಂಡಿಗೆ ಮಾತ್ರ ಜೋಳ ಹಾಕಿ ನೋಡಿ.

ಪ್ರಶ್ನೆ: ನಾಟಿ ತೊಗರಿ (ಬಿತ್ತದೆ ಸಸಿ ನೆಡುವುದು) ಮಾಡಲಾ? (ಭಾಲ್ಕಿ, ಬೀದರ್ ಜಿಲ್ಲೆ)

ಉತ್ತರ: ಬಾವಿಯೋ ಬೋರೋ ಇದ್ದರೆ ಒಂದು ಎಕರೆ ಮಾಡಿ ನೋಡಿ. ಚೀಲದಲ್ಲಿ ಸಸಿ ಬೆಳೆಸಿ, ಮಳೆ ಬಂದ ಮೇಲೆ ನೆಡುವುದರಿಂದ ಮಳೆ ತಡವಾದರೂ ಬೆಳೆಗೆ ದಿನ ಸಿಗುತ್ತದೆ. ಆದರೆ ಮೇ ತಿಂಗಳ ಬಿಸಿಲಲ್ಲಿ ದಿನಾ ಆ ಚೀಲಗಳಿಗೆ ನೀರು ಹಾಕುವವರು ಯಾರು? ಸಸಿ ಮಾಡುವ ಮೊದಲು ಮನೆಯಲ್ಲಿ ಅಕ್ಕನ್ನ ಒಂದು ಮಾತು ಕೇಳಿ.