ಕಟ್ಟುಹಾವು ಕಚ್ಚಿದಾಗ ಹೃದಯ ಬಡಿಯುತ್ತಿದ್ದರೂ ಉಸಿರೇಕೆ ನಿಲ್ಲುತ್ತದೆ?

ನೀವು ಕೇಳಿರುವುದು ಇಷ್ಟು: ರಾತ್ರಿ ನೆಲದ ಮೇಲೆ ಮಲಗಿದ್ದ ನಿಮ್ಮ ಚಿಕ್ಕಪ್ಪನಿಗೆ ಕಟ್ಟುಹಾವು ಕಚ್ಚಿದೆ, ಆಸ್ಪತ್ರೆಯಲ್ಲಿ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಕೊಟ್ಟಿದ್ದಾರೆ, ಆದರೂ ವೆಂಟಿಲೇಟರ್ ಹಾಕಿದ್ದಾರೆ. ಹೃದಯ ಸರಿಯಾಗಿಯೇ ಬಡಿಯುತ್ತಿರುವಾಗ ಉಸಿರು ಮಾತ್ರ ಹೇಗೆ ನಿಂತಿತು, ಔಷಧಿ ಕೊಟ್ಟ ಮೇಲೂ ಯಾಕೆ ವಾಪಸ್ ಬರುತ್ತಿಲ್ಲ?

ಮೊದಲು ನೇರ ಉತ್ತರ. ಅವರ ಮೆದುಳು ಉಸಿರಾಡಲು ಆದೇಶ ಕೊಡುತ್ತಲೇ ಇದೆ. ವಿಷ ಶ್ವಾಸಕೋಶವನ್ನು ಕೆಡಿಸಿಲ್ಲ. ಸ್ನಾಯುವಿನಲ್ಲಿ ಕಸುವೂ ಇದೆ. ನರದ ತುದಿಯಿಂದ ಸ್ನಾಯುವಿಗೆ ಸುದ್ದಿ ದಾಟುವ ಜಾಗ ಒಂದಿದೆಯಲ್ಲ, ಕೆಟ್ಟಿರುವುದು ಅಲ್ಲಿ. ಅದು ಮತ್ತೆ ಸರಿಹೋಗುವಂಥದ್ದೇ, ಆದರೆ ದಿನಗಳು ಬೇಕು. ಅಲ್ಲಿಯವರೆಗೆ ಅವರ ಪಾಲಿನ ಉಸಿರಾಟವನ್ನು ಬೇರೆ ಯಾರಾದರೂ ಮಾಡಬೇಕು. ವೆಂಟಿಲೇಟರ್ ಮಾಡುತ್ತಿರುವುದು ಅದನ್ನೇ.

ಹೃದಯಕ್ಕೂ ಉಸಿರಾಟದ ಸ್ನಾಯುವಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಹೃದಯದ ಬಲ ಹೃತ್ಕರ್ಣದ ಗೋಡೆಯಲ್ಲಿ ತಾವಾಗಿಯೇ ಮಿಡಿಯುವ ಜೀವಕೋಶಗಳ ಗುಂಪೊಂದಿದೆ. ಮೆದುಳಿನಿಂದ ಬರುವ ನರಗಳು ಆ ಮಿಡಿತದ ವೇಗವನ್ನು ಏರಿಳಿಸುತ್ತವೆಯೇ ಹೊರತು ಮಿಡಿತವನ್ನು ಹುಟ್ಟಿಸುವುದಿಲ್ಲ. ನರಗಳನ್ನೆಲ್ಲ ಕತ್ತರಿಸಿ ಬೇರೊಬ್ಬರ ಎದೆಗೆ ಕಸಿ ಮಾಡಿದ ಹೃದಯವೂ ಬಡಿಯುತ್ತದೆ. ಉಸಿರಾಟದ ಮುಖ್ಯ ಸ್ನಾಯುವಾದ ವಪೆ ಹಾಗಲ್ಲ. ಅದು ಕೈಕಾಲಿನ ಸ್ನಾಯುಗಳ ಜಾತಿಗೇ ಸೇರಿದ್ದು. ನರ ಹೇಳದೆ ಒಂದು ಸಲವೂ ಕುಗ್ಗುವುದಿಲ್ಲ. ನಿದ್ರೆಯಲ್ಲಿ ಉಸಿರು "ತಾನಾಗಿಯೇ" ನಡೆಯುತ್ತದೆ ಅನ್ನಿಸುವುದು ನಮಗೆ ಅರಿವಿಲ್ಲದೆ ಆದೇಶ ಹೋಗುತ್ತಿರುವುದರಿಂದ.

ಆ ಆದೇಶ ಹೊರಡುವುದು ಮೆದುಳಿನ ಬುಡದಲ್ಲಿರುವ ಮೆಡುಲ್ಲಾದಿಂದ. ಉಸಿರಿನ ಲಯ ಹುಟ್ಟುವ ಸಣ್ಣ ಜಾಗವನ್ನು 1991ರಲ್ಲಿ ಅಲ್ಲಿ ಗುರುತಿಸಿದರು, ಅದಕ್ಕೆ ಪ್ರಿ-ಬೋಟ್ಸಿಂಗರ್ ಕಾಂಪ್ಲೆಕ್ಸ್ ಎಂಬ ಹೆಸರು. ರಕ್ತದ ಕಾರ್ಬನ್ ಡೈಆಕ್ಸೈಡ್ ಒತ್ತಡ ಸುಮಾರು 40 ಮಿಲಿಮೀಟರ್ ಪಾದರಸದ ಆಸುಪಾಸಿನಲ್ಲಿ ಇರುವಂತೆ ಲಯದ ವೇಗ, ಆಳ ಹೊಂದಿಕೊಳ್ಳುತ್ತವೆ. ಹಾಡುವಾಗ, ಮಾತಾಡುವಾಗ, ಬೇಕೆಂದೇ ಉಸಿರು ಬಿಗಿಹಿಡಿದಾಗ ಮೆದುಳಿನ ಮೇಲ್ಪದರದಿಂದ ಇನ್ನೊಂದು ದಾರಿಯಲ್ಲಿ ಆದೇಶ ಇಳಿಯುತ್ತದೆ.

ಎರಡು ದಾರಿಗಳೂ ಬಂದು ಸೇರುವುದು ಬೆನ್ನುಹುರಿಯಲ್ಲಿರುವ ಮೋಟಾರ್ ನ್ಯೂರಾನ್‌ಗಳಿಗೆ, ಅಂದರೆ ಸ್ನಾಯುಗಳಿಗೆ ಆದೇಶ ಕಳಿಸುವ ನರಕೋಶಗಳಿಗೆ. ವಪೆಯನ್ನು ಆಳುವ ನ್ಯೂರಾನ್‌ಗಳು ಎದೆಯ ಮಟ್ಟದಲ್ಲಿಲ್ಲ, ಕುತ್ತಿಗೆಯಲ್ಲಿವೆ: ಸಿ3, ಸಿ4, ಸಿ5 ಮಟ್ಟದಲ್ಲಿ, ಅಂದರೆ ಕುತ್ತಿಗೆ ಭಾಗದ ಬೆನ್ನುಹುರಿಯ ಮೂರರಿಂದ ಐದನೇ ಹಂತದಲ್ಲಿ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಫ್ರೆನಿಕ್ ನರ ಹೊರಟು ಹೃದಯದ ಪಕ್ಕದಲ್ಲೇ ಇಳಿದು ವಪೆ ಮುಟ್ಟುತ್ತದೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳಿಗೆ ಎದೆ ಮಟ್ಟದ ಬೆನ್ನುಹುರಿಯಿಂದ ಬೇರೆ ನರಗಳಿವೆ. ಅಡಿಕೆ ಮರದಿಂದ ಬಿದ್ದು ಕುತ್ತಿಗೆಗೆ ಏಟಾದವರಲ್ಲಿ ಈ ವ್ಯತ್ಯಾಸವೇ ಹಣೆಬರಹ ತೀರ್ಮಾನಿಸುತ್ತದೆ. ಬೆನ್ನುಹುರಿ ಸಿ3ಗಿಂತ ಮೇಲೆ ಪೂರ್ತಿ ತುಂಡಾದರೆ ಸ್ವಂತ ಉಸಿರು ಇಲ್ಲ. ಸಿ5ರ ಕೆಳಗೆ ಆದರೆ ವಪೆ ಉಳಿಯುತ್ತದೆ, ಆದರೆ ಹೊಟ್ಟೆಯ ಸ್ನಾಯುಗಳು ಹೋಗಿರುವುದರಿಂದ ಕಫ ಹೊರಹಾಕುವಷ್ಟು ಗಟ್ಟಿಯಾಗಿ ಕೆಮ್ಮಲು ಆಗುವುದಿಲ್ಲ.

ಈಗ ನಿಮ್ಮ ಚಿಕ್ಕಪ್ಪನ ತೊಂದರೆ ಇರುವ ಜಾಗ. ನರದ ತುದಿಗೂ ಸ್ನಾಯುವಿನ ಎಳೆಗೂ ನಡುವೆ ಸುಮಾರು 50 ನ್ಯಾನೋಮೀಟರ್ ಸಂದು. ವಿದ್ಯುತ್ ಸಂಕೇತ ಆ ಸಂದನ್ನು ದಾಟಲಾರದು. ಸಂಕೇತ ತುದಿಗೆ ಬಂದಾಗ ಅಲ್ಲಿನ ಕ್ಯಾಲ್ಸಿಯಂ ಬಾಗಿಲು ತೆರೆದುಕೊಳ್ಳುತ್ತದೆ. ಕ್ಯಾಲ್ಸಿಯಂ ಒಳನುಗ್ಗಿದೊಡನೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ತುಂಬಿದ ಪುಟ್ಟ ಚೀಲಗಳು ನರದ ಅಂಚಿಗೆ ಅಂಟಿ ಒಡೆಯುತ್ತವೆ. ಒಂದೊಂದು ಚೀಲದಲ್ಲೂ ಸಾವಿರಾರು ಅಣುಗಳಿರುತ್ತವೆ. ಅವು ಸಂದನ್ನು ದಾಟಿ ಸ್ನಾಯುವಿನ ಮೇಲಿರುವ ಗ್ರಾಹಕಗಳಿಗೆ ಕೂರುತ್ತವೆ. ಒಂದು ಗ್ರಾಹಕ ತೆರೆಯಲು ಎರಡು ಅಣು ಬೇಕು. ಗ್ರಾಹಕ ತೆರೆದರೆ ಸೋಡಿಯಂ ಒಳಕ್ಕೆ ಹೋಗಿ ಸ್ನಾಯುವಿನ ಎಳೆಯಲ್ಲಿ ಹೊಸ ವಿದ್ಯುತ್ ಅಲೆ ಏಳುತ್ತದೆ. ಆ ಅಲೆ ಎಳೆಯ ಒಳಗಿನ ಕ್ಯಾಲ್ಸಿಯಂ ಉಗ್ರಾಣವನ್ನು ತೆರೆಸುತ್ತದೆ, ಕ್ಯಾಲ್ಸಿಯಂ ಟ್ರೋಪೋನಿನ್ ಎಂಬ ಪ್ರೋಟೀನ್‌ಗೆ ಅಂಟುತ್ತದೆ, ಮಯೋಸಿನ್ ಎಂಬ ಪ್ರೋಟೀನ್ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನ್‌ನ ಎಳೆಯನ್ನು ಹಿಡಿದೆಳೆಯುತ್ತದೆ, ಸ್ನಾಯು ಗಿಡ್ಡವಾಗುತ್ತದೆ. ಅಷ್ಟರಲ್ಲಿ ಸಂದಿನಲ್ಲಿರುವ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಅಸಿಟೈಲ್‌ಕೋಲಿನ್ ಅನ್ನು ಒಡೆದುಹಾಕಿ ಮುಂದಿನ ಸಂಕೇತಕ್ಕೆ ಜಾಗ ಖಾಲಿ ಮಾಡಿರುತ್ತದೆ. ಇದೆಲ್ಲ ಕೆಲವೇ ಮಿಲಿಸೆಕೆಂಡುಗಳ ಕೆಲಸ. ವಪೆ ಕೆಳಗಿಳಿದು, ಆರಾಮವಾಗಿರುವ ವಯಸ್ಕರಲ್ಲಿ ಒಂದು ಸಲಕ್ಕೆ ಸುಮಾರು 500 ಮಿಲಿಲೀಟರ್ ಗಾಳಿ ಒಳಬರುತ್ತದೆ. ಹೊರಬಿಡುವುದಕ್ಕೆ ಸ್ನಾಯು ಬೇಕಿಲ್ಲ. ಹಿಗ್ಗಿದ ಶ್ವಾಸಕೋಶ ತಾನೇ ಕುಗ್ಗುತ್ತದೆ.

ಕಟ್ಟುಹಾವಿನ ವಿಷದಲ್ಲಿರುವ ಬೀಟಾ-ಬಂಗರೋಟಾಕ್ಸಿನ್ ನರದ ತುದಿಯ ಮೇಲೇ ದಾಳಿ ಮಾಡುತ್ತದೆ. ಚೀಲಗಳು ಖಾಲಿಯಾಗುತ್ತವೆ, ನಂತರ ತುದಿಯೇ ಹಾಳಾಗುತ್ತದೆ. ಎಎಸ್‌ವಿ ಏನು ಮಾಡಬಲ್ಲದು ಎಂದರೆ, ಇನ್ನೂ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿದು ಕಟ್ಟಿಹಾಕಬಲ್ಲದು. ಆಗಲೇ ಮುರಿದುಹೋದ ತುದಿಯನ್ನು ಅದು ಕಟ್ಟಿಕೊಡಲಾರದು. ಹೆಚ್ಚು ಬಾಟಲಿ ಸುರಿದರೆ ಬೇಗ ಉಸಿರು ಬರುತ್ತದೆ ಎಂದು ವೈದ್ಯರ ಮೇಲೆ ಒತ್ತಡ ಹಾಕಬೇಡಿ, ಅದರಿಂದ ಅಲರ್ಜಿಯ ಅಪಾಯ ಮಾತ್ರ ಹೆಚ್ಚುತ್ತದೆ. ನರದ ತುದಿ ಹೊಸದಾಗಿ ಬೆಳೆದು ಸ್ನಾಯುವನ್ನು ಮತ್ತೆ ಹಿಡಿಯಬೇಕು. ಕೆಲವರಿಗೆ ಎರಡು ಮೂರು ದಿನ ಸಾಕು, ಕೆಲವರಿಗೆ ವಾರ ದಾಟುತ್ತದೆ.

ನಾಗರಹಾವಿನದು ಬೇರೆ ಲೆಕ್ಕ. ಅದರ ವಿಷ ಮುಖ್ಯವಾಗಿ ಸಂದಿನ ಆಚೆ ದಡದ ಗ್ರಾಹಕಗಳನ್ನು ಮುಚ್ಚುತ್ತದೆ. ಅಸಿಟೈಲ್‌ಕೋಲಿನ್ ಬಿಡುಗಡೆ ನಡೆದೇ ಇರುತ್ತದೆ. ಅದಕ್ಕೇ ಕಿಣ್ವವನ್ನು ತಡೆದು ಅಸಿಟೈಲ್‌ಕೋಲಿನ್ ಹೆಚ್ಚಿಸುವ ನಿಯೋಸ್ಟಿಗ್ಮಿನ್ ಔಷಧಿಯನ್ನು, ಅದರ ಅಡ್ಡಪರಿಣಾಮ ತಡೆಯುವ ಅಟ್ರೋಪಿನ್ ಜೊತೆ ಕೊಟ್ಟಾಗ ಅನೇಕರ ರೆಪ್ಪೆ ಅರ್ಧ ಗಂಟೆಯೊಳಗೆ ಮೇಲೇಳುತ್ತದೆ. ಕಟ್ಟುಹಾವಿನಲ್ಲಿ ಬಿಡುಗಡೆಯೇ ನಿಂತಿರುವಾಗ ಹೆಚ್ಚಿಸಲು ಏನಿದೆ? ಯಾವ ಹಾವೆಂದು ಗೊತ್ತಿಲ್ಲದಿದ್ದರೆ ಒಮ್ಮೆ ಕೊಟ್ಟು ನೋಡುತ್ತಾರೆ, ಗುಣ ಕಾಣದಿದ್ದರೆ ನಿಲ್ಲಿಸುತ್ತಾರೆ. ಅದನ್ನು ಚಿಕಿತ್ಸೆ ಕೈಬಿಟ್ಟರು ಎಂದು ತಿಳಿಯಬಾರದು.

ಓದುವ ಬೇರೆಯವರಿಗೂ ಉಪಯೋಗವಾಗುವ ವಿಷಯ: ದೌರ್ಬಲ್ಯ ಒಂದು ಕ್ರಮದಲ್ಲಿ ಇಳಿಯುತ್ತದೆ. ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ, ವಸ್ತುಗಳು ಎರಡೆರಡಾಗಿ ಕಾಣುತ್ತವೆ. ಆಮೇಲೆ ಮಾತು ತೊದಲು, ಎಂಜಲು ನುಂಗಲು ಕಷ್ಟ. ಆಮೇಲೆ ಕುತ್ತಿಗೆ ನಿಲ್ಲುವುದಿಲ್ಲ. ವಪೆಯಲ್ಲಿ ಮೀಸಲು ಶಕ್ತಿ ಹೆಚ್ಚು. ಸಾಮಾನ್ಯ ಉಸಿರಿಗೆ ಅದರ ಸಣ್ಣ ಪಾಲಷ್ಟೇ ಬೇಕು, ಹಾಗಾಗಿ ಅದು ಸೋಲುವುದು ಕೊನೆಗೆ. ಆದರೆ ಅದಕ್ಕೂ ಮೊದಲೇ ಗಂಟಲ ಸ್ನಾಯು ಸೋತು ನಾಲಿಗೆ ಹಿಂದಕ್ಕೆ ಬಿದ್ದು, ಎಂಜಲು ಶ್ವಾಸನಾಳಕ್ಕೆ ಇಳಿದು ಸಾಯುವವರಿದ್ದಾರೆ. ಆದ್ದರಿಂದ ಆಸ್ಪತ್ರೆಗೆ ಸಾಗಿಸುವಾಗ ಅಂಗಾತ ಮಲಗಿಸದೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಬಾಯಿಗೆ ನೀರು, ಕಷಾಯ ಏನೂ ಹಾಕಬೇಡಿ. ಹಗ್ಗ ಬಿಗಿದು ಕಟ್ಟುವುದು, ಕೊಯ್ಯುವುದು ಬೇಡ. ಕಟ್ಟುಹಾವು ಕಚ್ಚಿದಲ್ಲಿ ಊತವಾಗಲಿ ನೋವಾಗಲಿ ಹೆಚ್ಚು ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಎದ್ದವರ ರೆಪ್ಪೆ ಜೋಲುತ್ತಿದ್ದರೆ ಗ್ಯಾಸ್ಟ್ರಿಕ್ ಎಂದು ಕೂರಬೇಡಿ, 108ಕ್ಕೆ ಫೋನ್ ಮಾಡಿ. ಲಕ್ಷಣ ಇಲ್ಲದಿದ್ದರೂ 24 ಗಂಟೆ ಆಸ್ಪತ್ರೆಯ ನಿಗಾದಲ್ಲಿ ಇರಬೇಕು.

ಉಸಿರಿನ ಶಕ್ತಿ ಇಳಿಯುತ್ತಿದೆಯೇ ಎಂದು ನೋಡಲು ಯಂತ್ರ ಬೇಕಿಲ್ಲ. ಪೂರ್ತಿ ಉಸಿರು ಎಳೆದುಕೊಂಡು ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಎಣಿಸಲು ಹೇಳಿ. ಆರೋಗ್ಯವಂತರು ಸಾಮಾನ್ಯವಾಗಿ 30 ದಾಟುತ್ತಾರೆ. 20 ಮುಟ್ಟದಿದ್ದರೆ, ಅಥವಾ ಅರ್ಧ ಗಂಟೆಗೊಮ್ಮೆ ಕೇಳಿದಾಗ ಸಂಖ್ಯೆ ಇಳಿಯುತ್ತಾ ಹೋದರೆ, ತಡಮಾಡುವಂತಿಲ್ಲ. ಉಸಿರು ಎಳೆದಾಗ ಹೊಟ್ಟೆ ಉಬ್ಬುವ ಬದಲು ಒಳಕ್ಕೆ ಹೋಗುತ್ತಿದ್ದರೆ ವಪೆ ಕೈಕೊಟ್ಟಿದೆ ಎಂದೇ ಅರ್ಥ. ಬೆರಳಿಗೆ ಹಾಕುವ ಆಕ್ಸಿಮೀಟರನ್ನು ಮಾತ್ರ ನಂಬಿ ಕೂರಬೇಡಿ: ಮಾಸ್ಕ್‌ನಲ್ಲಿ ಆಕ್ಸಿಜನ್ ಹೋಗುತ್ತಿದ್ದರೆ ಅದು 98 ತೋರಿಸುತ್ತಿರುವಾಗಲೇ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಿರಬಹುದು.

ದಾರಿಯಲ್ಲೇ ಉಸಿರು ನಿಂತರೆ ಆಂಬು ಬ್ಯಾಗ್ (ಮುಖಕ್ಕೆ ಮಾಸ್ಕ್ ಇಟ್ಟು ಕೈಯಿಂದ ಒತ್ತಿ ಗಾಳಿ ತುಂಬುವ ಚೀಲ) ಸಾಕು, ಅದಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಊದುವುದು. ಗಲ್ಲ ಮೇಲೆತ್ತಿ, ಮಾಸ್ಕ್ ಗಾಳಿ ಸೋರದಂತೆ ಹಿಡಿದು, 5-6 ಸೆಕೆಂಡಿಗೆ ಒಂದು ಸಲ, ಎದೆ ಕಣ್ಣಿಗೆ ಕಾಣುವಷ್ಟು ಏಳುವ ಹಾಗೆ ಮೆಲ್ಲಗೆ ಒತ್ತಬೇಕು. ಎಲ್ಲರೂ ಮಾಡುವ ತಪ್ಪು ಗಾಬರಿಯಲ್ಲಿ ಬೇಗ ಬೇಗ, ಜೋರಾಗಿ ಒತ್ತುವುದು. ಆಗ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನಿಧಾನವಾಗಿ ಒತ್ತಿದರೆ ಗಂಟೆಗಟ್ಟಲೆ ಜೀವ ಹಿಡಿದಿಡಬಹುದು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿ ಬೆನ್ನುಹುರಿಯ ಮೋಟಾರ್ ನ್ಯೂರಾನ್‌ಗಳೇ ಸತ್ತಿದ್ದ ರೋಗಿಗಳಿಗೆ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಸೂಚಿಸಿದ ದಾರಿ ಇದೇ: ಶ್ವಾಸನಾಳಕ್ಕೆ ಕೊಳವೆ ಹಾಕಿ, ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ವಾರಗಟ್ಟಲೆ ಕೈಯಿಂದ ಬ್ಯಾಗ್ ಒತ್ತಿದರು. ಇಂದಿನ ಐಸಿಯುಗಳು ಬೆಳೆದದ್ದು ಅಲ್ಲಿಂದ. ನಿಮ್ಮ ಚಿಕ್ಕಪ್ಪನ ಸ್ಥಿತಿ ಅವರಿಗಿಂತ ಎಷ್ಟೋ ವಾಸಿ. ಚಿಕ್ಕಪ್ಪನ ನ್ಯೂರಾನ್‌ಗಳು ಬದುಕಿವೆ, ಹಾಳಾಗಿರುವುದು ತುದಿಗಳು.

ನಿಮಗೆ ಇದನ್ನು ಒತ್ತಿ ಹೇಳಬೇಕು: ಕಟ್ಟುಹಾವಿನ ವಿಷ ತೀವ್ರವಾಗಿ ಏರಿದಾಗ ರೋಗಿ ಕಣ್ಣು ಬಿಡುವುದಿಲ್ಲ, ಚಿವುಟಿದರೆ ಅಲುಗುವುದಿಲ್ಲ, ಟಾರ್ಚ್ ಬಿಟ್ಟರೂ ಪಾಪೆ ಕಿರಿದಾಗದೆ ಅಗಲವಾಗಿಯೇ ಇರಬಹುದು. ನೋಡಿದವರು ಮೆದುಳು ಸತ್ತಿದೆ ಎನ್ನುತ್ತಾರೆ. ಇವೆಲ್ಲ ನರ-ಸ್ನಾಯು ಸಂಪರ್ಕ ಕಡಿದುಹೋದ ಲಕ್ಷಣಗಳು. ಒಳಗೆ ಅವರಿಗೆ ಪ್ರಜ್ಞೆ ಇರಬಹುದು, ನೀವು ಆಡುವ ಮಾತು ಕೇಳಿಸುತ್ತಿರಬಹುದು. ಮಂಚದ ಪಕ್ಕ ನಿಂತು ಬಿಲ್ಲಿನ ಮಾತು, ಆಸೆ ಬಿಟ್ಟ ಮಾತು ಆಡಬೇಡಿ. ಮನೆಗೆ ಕರೆದೊಯ್ಯಿರಿ ಎಂದು ಹೇಳುವ ನೆಂಟರ ಮಾತಿಗೆ ಒಪ್ಪಬೇಡಿ.

ಸುಧಾರಣೆ ಶುರುವಾದಾಗ ಬೆರಳು, ರೆಪ್ಪೆ ಸ್ವಲ್ಪ ಅಲುಗಬಹುದು. ಅಷ್ಟಕ್ಕೇ ಕೊಳವೆ ತೆಗೆಯುವುದಿಲ್ಲ. ತಲೆಯನ್ನು ದಿಂಬಿನಿಂದ ಎತ್ತಿ 5 ಸೆಕೆಂಡ್ ಹಿಡಿಯಬಲ್ಲರೇ, ಗಟ್ಟಿಯಾಗಿ ಕೆಮ್ಮಬಲ್ಲರೇ ಎಂದು ವೈದ್ಯರು ನೋಡುತ್ತಾರೆ, ಏಕೆಂದರೆ ಉಸಿರು ಬಂದಿದ್ದರೂ ಗಂಟಲಿಗೆ ಶಕ್ತಿ ಬಂದಿರದಿದ್ದರೆ ಕೊಳವೆ ಮತ್ತೆ ಹಾಕಬೇಕಾಗುತ್ತದೆ.